ಗಣಕಯಂತ್ರದ ಮೂಲಕ ಪರೀಕ್ಷೆ: ಬಳ್ಳಾರಿ ಸೀಮೆಯ ಪ್ರೌಢಶಾಲಾ ವಿದ್ಯಾರ್ಥಿಗಳ ಅಭಿಪ್ರಾಯಗಳ ವಿವೇಚನೆ

‘ಪರೀಕ್ಷೆ’ ಎಂಬ ಶಬ್ದವು ಸಂಸ್ಕೃತದ ‘ಈಕ್ಷ್’ ಧಾತುವಿನಿಂದ ಹುಟ್ಟಿದುದು. ಈಕ್ಷಣವೆಂದರೆ ನೋಡುವುದು, ಅದಕ್ಕೆ ‘ಪರಿ’ ಎಂಬ ಉಪಸರ್ಗವು ಸೇರಿದಾಗ ಸುತ್ತಲೂ ನೋಡುವುದು, ಎಲ್ಲ ಮಗ್ಗುಲುಗಳಿಂದಲೂ ನೋಡುವುದು ಎಂಬರ್ಥವು ಒದಗುತ್ತದೆ. ಅಚ್ಚಗನ್ನಡದಲ್ಲಿ ಇದಕ್ಕೆ ಸಮೀಪವಾದ ಮಾತು ‘ಒರೆಗೆ ಹಚ್ಚುವುದು’. ಆದರೆ ಎರಡಕ್ಕೂ ಸೂಕ್ಷ್ಮವಾದ ಅಂತರವಿದೆ. ಅಕ್ಕಸಾಲಿಗನು ಒಡವೆಯನ್ನು ಸುತ್ತಲೂ ನೋಡುತ್ತ ಕೂಡುವುದಿಲ್ಲ. ಕಲ್ಲಿನ ಮೇಲೆ ಒಂದು ಗೆರೆಯನ್ನೆಳೆದು ಬೆಲೆಯನ್ನು ಹೇಳಿಬಿಡುತ್ತಾನೆ. ಸಾರ್ವಜನಿಕ ಪರೀಕ್ಷೆಗಳು ಹೆಸರಿನಿಂದ ಪರೀಕ್ಷೆಗಳಾದರೂ ನಡೆವಳಿಕೆಯಿಂದ ಒರೆಗಲ್ಲುಗಳೇ ಸರಿ. ಈಗ ಆ ಕಲ್ಲಿನ ಸ್ಥಾನದಲ್ಲಿ ಗಣಕಯಂತ್ರದ ತೆರೆಯನ್ನು ಇಡಬಹುದೇ ಎಂಬ ಪ್ರಶ್ನೆಯು ಎದ್ದಿರುವುದರಿಂದ, ಆ ಕಲ್ಲಿಗೆ ಉಜ್ಜಲ್ಪಡುವವರ, ಎಂದರೆ ವಿದ್ಯಾರ್ಥಿಗಳ, ಮನಸ್ಸಿನಲ್ಲಿ ಏನಿದೆಯೆಂಬುದನ್ನು ಅರಿಯುವುದು ಅಧ್ಯಾಪಕರಿಗೂ ಶಾಲೆಯ ಹಿತಚಿಂತಕರಿಗೂ ಅವಶ್ಯಕವಾಗಿದೆ.

ಮೊದಲು ವಸ್ತುಸ್ಥಿತಿಯನ್ನು ಗಮನಿಸಬೇಕು. ಬಳ್ಳಾರಿಯು 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಈ ಸೀಮೆಯ ಮಕ್ಕಳು ಮದ್ರಾಸಿನ ಪ್ರಶ್ನಪತ್ರಿಕೆಗಳಿಗೆ ಉತ್ತರ ಬರೆದವರು. 1966ರಲ್ಲಿ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿಯು ರೂಪುಗೊಂಡಿತು. 2022ರಲ್ಲಿ ಪದವಿಪೂರ್ವ ಪರೀಕ್ಷೆಗಳ ಹೊಣೆಯನ್ನೂ ಹೊತ್ತು ಅದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯಾಯಿತು. ಮಂಡಳಿಯ ಹೆಸರು ಬದಲಾಯಿತೇ ಹೊರತು ಮಕ್ಕಳ ಕೈಯಲ್ಲಿದ್ದ ಲೇಖನಿಯು ಬದಲಾಗಲಿಲ್ಲ. 2025ರ ಎಸ್.ಎಸ್.ಎಲ್.ಸಿ. ಪರೀಕ್ಷೆಯೂ ಕಾಗದದ ಮೇಲೆಯೇ ನಡೆದಿದೆ. ವೃತ್ತಿಶಿಕ್ಷಣಕ್ಕೆಂದು ರಾಜ್ಯವು ನಡೆಸುವ ಸಿ.ಇ.ಟಿ. ಹಾಗೂ ವೈದ್ಯಕೀಯದ ನೀಟ್ ಪರೀಕ್ಷೆಗಳಲ್ಲಿ 2025ರಲ್ಲಿಯೂ ವೃತ್ತಗಳನ್ನು ಕಪ್ಪಾಗಿಸುವ ಓ.ಎಂ.ಆರ್. ಹಾಳೆಯೇ ಇತ್ತು. ಆದರೆ ಅದರಾಚೆಗೆ ಲೋಕವು ಬೇರೆಯಾಗಿದೆ. ಇಂಜಿನಿಯರಿಂಗ್ ಪ್ರವೇಶದ ಜೆ.ಇ.ಇ. ಮೇನ್ 2019ರಿಂದ ಪೂರ್ಣವಾಗಿ ಗಣಕಯಂತ್ರದ ಮೇಲೆ ನಡೆಯುತ್ತಿದೆ. 2021ರಿಂದ ಅದರ ಪ್ರಶ್ನೆಗಳು ಕನ್ನಡದಲ್ಲಿಯೂ ದೊರೆಯುತ್ತಿವೆ. ಬ್ಯಾಂಕಿನ ಗುಮಾಸ್ತಿಕೆ, ಕೇಂದ್ರದ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಹುದ್ದೆ ಮೊದಲಾದವುಗಳಿಗೂ ಇದೇ ಕ್ರಮ. ಕಾನ್‌ಸ್ಟೇಬಲ್ ಹುದ್ದೆಯ ಪರೀಕ್ಷೆಯನ್ನು 2024ರಿಂದ ಕನ್ನಡವೂ ಸೇರಿದಂತೆ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸಲಾಗುತ್ತಿದೆ. ಆದುದರಿಂದ ಹತ್ತನೆಯ ತರಗತಿಯಲ್ಲಿ ಲೇಖನಿ ಹಿಡಿದು ಕುಳಿತ ಹುಡುಗನು ಎರಡು ಮೂರು ವರ್ಷಗಳೊಳಗೆ ತೆರೆಯ ಮುಂದೆ ಕುಳಿತುಕೊಳ್ಳಲೇಬೇಕಾಗಿದೆ.

ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡು, ಇವು ಒಂದೇ ಜಿಲ್ಲೆಯ ಮೂರು ಊರುಗಳು. ಆದರೆ ಈ ವಿಷಯದಲ್ಲಿ ಮೂರೂ ಊರಿನ ಮಕ್ಕಳ ಮಾತಿನ ಧಾಟಿ ಒಂದೇ ಅಲ್ಲ. ಇಲ್ಲಿ ಹೇಳಹೊರಟಿರುವುದು ಎಣಿಕೆ ಮಾಡಿ ಶೇಕಡಾವಾರು ಹಂಚಿದ ಲೆಕ್ಕವಲ್ಲ. ತರಗತಿಗಳಲ್ಲಿಯೂ ಆಟದ ಬಯಲಿನಲ್ಲಿಯೂ ಮಕ್ಕಳು ಸಹಜವಾಗಿ ಆಡುವ ಮಾತುಗಳ ಸಾರ.

ನಗರದ ವಿದ್ಯಾರ್ಥಿಗಳಲ್ಲಿ, ವಿಶೇಷತಃ ಆಂಗ್ಲ ಮಾಧ್ಯಮದವರಲ್ಲಿ, ಗಣಕಪರೀಕ್ಷೆಯ ಬಗೆಗೆ ಉತ್ಸಾಹವಿದೆ. ತರಬೇತಿ ಕೇಂದ್ರಗಳಲ್ಲಿ ಅಣಕು ಪರೀಕ್ಷೆಗಳನ್ನು ಬರೆದು ಅವರಿಗೆ ಅಭ್ಯಾಸವಾಗಿದೆ. ಉತ್ತರವನ್ನು ಬದಲಿಸಬೇಕಾದರೆ ಹೊಡೆದುಹಾಕಿ ಗೀಚಬೇಕಾಗಿಲ್ಲ. ಉಳಿದ ಕಾಲವು ತೆರೆಯ ಮೂಲೆಯಲ್ಲಿ ಕಾಣುತ್ತಲೇ ಇರುತ್ತದೆ. ಬಿಟ್ಟ ಪ್ರಶ್ನೆಗಳು ಯಾವುವೆಂಬುದನ್ನು ಬಣ್ಣವೇ ತೋರಿಸಿಕೊಡುತ್ತದೆ. ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಇವೆಲ್ಲಕ್ಕಿಂತ ಮಿಗಿಲಾಗಿ ಅವರು ಎತ್ತುವ ಒಂದು ಮಾತು ಅಧ್ಯಾಪಕರನ್ನು ಯೋಚನೆಗೆ ಹಚ್ಚುವಂತಹುದು: ಯಂತ್ರಕ್ಕೆ ಅಕ್ಷರದ ಅಂದವು ಕಾಣುವುದಿಲ್ಲ. ದುಂಡಗೆ ಬರೆದವನಿಗೆ ಒಂದಂಕ ಹೆಚ್ಚು, ಕೋಳಿ ಕೆದರಿದಂತೆ ಬರೆದವನಿಗೆ ಒಂದಂಕ ಕಡಿಮೆ ಎಂಬ ಸಂಶಯವು ವಿದ್ಯಾರ್ಥಿಗಳಲ್ಲಿ ಬಹುಕಾಲದಿಂದ ಇದೆ. ಮೌಲ್ಯಮಾಪನ ಕೇಂದ್ರದಲ್ಲಿ ದಿನವಿಡೀ ಕುಳಿತು ಉತ್ತರಪತ್ರಿಕೆಗಳನ್ನು ತಿದ್ದಿದವರು ಈ ಸಂಶಯವನ್ನು ಪೂರ್ತಿಯಾಗಿ ಅಲ್ಲಗಳೆಯಲಾರರು.

ಸಿರುಗುಪ್ಪದ ಮಕ್ಕಳು ಇಷ್ಟು ಸರಾಗವಾಗಿ ಒಪ್ಪುವುದಿಲ್ಲ. ತುಂಗಭದ್ರೆಯ ದಡದ, ಭತ್ತದ ಗದ್ದೆಗಳ ನಾಡು ಅದು. ನಾಟಿ, ಒಕ್ಕಣೆ, ಮೆಣಸಿನಕಾಯಿ ಬಿಡಿಸುವ ಕಾಲಗಳಲ್ಲಿ ತರಗತಿಗಳು ತೆಳುವಾಗುವುದನ್ನು ಅಲ್ಲಿಯ ಅಧ್ಯಾಪಕರು ಬಲ್ಲರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಎರಡೂ, ಶಾಲೆಯಲ್ಲಿ ಕನ್ನಡ ಎಂಬಂತೆ ಬೆಳೆಯುವ ಮಕ್ಕಳು ಬಹುಮಂದಿ. ಜಿಲ್ಲಾ ಕೇಂದ್ರವು ಸುಮಾರು 55 ಕಿಲೋಮೀಟರ್ ದೂರ. ಗಣಕಪರೀಕ್ಷೆಯ ಕೇಂದ್ರಗಳು ಸಾಮಾನ್ಯವಾಗಿ ನಗರಗಳಲ್ಲಿಯೇ ಇರುವುದರಿಂದ, ‘ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸು ಹಿಡಿಯಬೇಕು?’ ಎಂಬುದು ಅವರ ಮೊದಲ ಪ್ರಶ್ನೆ. ಈಗ ಎಸ್.ಎಸ್.ಎಲ್.ಸಿ. ಕೇಂದ್ರವು ತಾಲ್ಲೂಕಿನೊಳಗೇ ಇರುವ ಅನುಕೂಲವನ್ನು ಕಳೆದುಕೊಳ್ಳಲು ಅವರು ಸಿದ್ಧರಿಲ್ಲ. ಹೆಣ್ಣುಮಕ್ಕಳ ತಂದೆತಾಯಿಗಳಂತೂ ಇನ್ನೂ ಸಿದ್ಧರಿಲ್ಲ. ಮಕ್ಕಳಿಗೆ ಯಂತ್ರದ ಪರಿಚಯವೇ ಇಲ್ಲವೆಂದು ಹೇಳಲಾಗದು. 2020 ಮತ್ತು 2021ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದಾಗ ಮೊಬೈಲ್ ಫೋನು ಬಡವರ ಮನೆಗೂ ಪಾಠದ ನೆಪದಲ್ಲಿ ಪ್ರವೇಶಿಸಿತು. ಆದರೆ ಫೋನಿನ ಗಾಜಿನ ಮೇಲೆ ಬೆರಳಾಡಿಸುವುದು ಬೇರೆ, ಮೇಜಿನ ಮೇಲೆ ಮೌಸನ್ನು ಸರಿಸಿ ತೆರೆಯ ಮೇಲಿನ ಬಾಣವನ್ನು ಒಂದು ಸಣ್ಣ ವೃತ್ತದೊಳಗೆ ನಿಲ್ಲಿಸುವುದು ಬೇರೆ. ಫೋನನ್ನು ಕಣ್ಣು ಮುಚ್ಚಿ ನಡೆಸಬಲ್ಲ ಹುಡುಗನು ಮೌಸಿನ ಮುಂದೆ ತಡವರಿಸುವುದು ವಿಚಿತ್ರವೆನಿಸಿದರೂ ನಿಜ. ಅರಿವಿಲ್ಲದವನೆಂದು ಅವನನ್ನು ತೀರ್ಮಾನಿಸುವುದು ಅನ್ಯಾಯ.

ಕುರುಗೋಡಿನ ಮಕ್ಕಳ ಮಾತು ಹೆಚ್ಚು ಲೌಕಿಕವಾದುದು. ಸಿಂದರು ಆಳಿದ, ದೊಡ್ಡ ಬಸವೇಶ್ವರನ ಏಕಶಿಲಾ ನಂದಿಯಿಂದ ಪ್ರಖ್ಯಾತವಾದ ಆ ಊರು ಇತ್ತೀಚೆಗಷ್ಟೇ ತಾಲ್ಲೂಕು ಕೇಂದ್ರವಾಗಿದೆ. ‘ಕರೆಂಟು ಹೋದರೆ?’ ಎಂದು ಅಲ್ಲಿಯ ಮಕ್ಕಳು ಕೇಳುತ್ತಾರೆ. ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಈ ಸೀಮೆಯ ಬಿಸಿಲು 40 ಡಿಗ್ರಿಯನ್ನು ಮುಟ್ಟುವಾಗ ಪಂಖವೇ ನಿಂತರೆ ಬರೆಯುವುದು ಕಷ್ಟ. ಯಂತ್ರವೇ ನಿಂತರೆ ಬರೆದುದೇ ಉಳಿದೀತೆ? ಅನತಿದೂರದ ಕುಡತಿನಿಯಲ್ಲಿ 1700 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಆ ಹೊಗೆಕೊಳವೆಗಳನ್ನು ನೋಡುತ್ತ ಬೆಳೆದ ಮಕ್ಕಳು ಈ ಪ್ರಶ್ನೆಯನ್ನು ಕೇಳಬೇಕಾಗಿ ಬಂದುದು ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಉದಾಹರಣೆಯಾಗಬಲ್ಲದು. ಪ್ರಶ್ನೆಗೆ ತಾಂತ್ರಿಕವಾದ ಉತ್ತರವಿಲ್ಲದೆ ಇಲ್ಲ. ಅಭ್ಯರ್ಥಿಯು ಆರಿಸಿದ ಉತ್ತರವು ಆ ಕ್ಷಣದಲ್ಲಿಯೇ ಕೇಂದ್ರದ ಸರ್ವರಿನಲ್ಲಿ ಉಳಿಯುವಂತೆಯೂ, ಯಂತ್ರವು ಕೆಟ್ಟರೆ ಬೇರೊಂದು ಯಂತ್ರದಲ್ಲಿ ನಿಂತಲ್ಲಿಂದಲೇ ಮುಂದುವರಿಯುವಂತೆಯೂ ಏರ್ಪಡಿಸಬಹುದು. ಆದರೆ ಏರ್ಪಾಡು ಇದ್ದಲ್ಲಿಯೂ ಎಡವಟ್ಟು ತಪ್ಪಿದ್ದಲ್ಲ. 2022ರಲ್ಲಿ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆಂದು ಮೊದಲ ಬಾರಿಗೆ ಏರ್ಪಟ್ಟ ಸಿ.ಯು.ಇ.ಟಿ. ಪರೀಕ್ಷೆಯಲ್ಲಿ, ಆಗಸ್ಟ್ 4ರ ಎರಡನೆಯ ಅವಧಿಯನ್ನು ತಾಂತ್ರಿಕ ಕಾರಣಗಳಿಂದ ದೇಶದ ಎಲ್ಲ ಕೇಂದ್ರಗಳಲ್ಲಿಯೂ ರದ್ದುಪಡಿಸಬೇಕಾಯಿತು. ಕುರುಗೋಡಿನ ಬಾಲಕನ ಶಂಕೆಯು ಬರಿಯ ಹಳ್ಳಿಗನ ಅಂಜಿಕೆಯಲ್ಲವೆಂಬುದಕ್ಕೆ ಇಷ್ಟು ಸಾಕು.

ಇವೆಲ್ಲ ಹಣವೂ ಕಾಲವೂ ಒದಗಿದರೆ ನಿವಾರಣೆಯಾಗುವ ತೊಡಕುಗಳು. ಕನ್ನಡದ ತೊಡಕು ಹಾಗಲ್ಲ. ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕಾಗಿದೆ.

ಎಸ್.ಎಸ್.ಎಲ್.ಸಿ.ಯ 625 ಅಂಕಗಳಲ್ಲಿ ಪ್ರಥಮ ಭಾಷೆಯದು 125. ಅದರಲ್ಲಿ 100 ಲಿಖಿತ ಪರೀಕ್ಷೆಗೆ ಸಲ್ಲುವುವು. ಪ್ರಥಮ ಭಾಷೆ ಕನ್ನಡದ ಪ್ರಶ್ನಪತ್ರಿಕೆಯಲ್ಲಿ ಬಹು ಆಯ್ಕೆಯ ಪ್ರಶ್ನೆಗಳಿಗೆ ದೊರೆತಿರುವುದು ಸಣ್ಣ ಪಾಲು. ಉಳಿದುದೆಲ್ಲವೂ ಬರೆಹ: ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸುವುದು, ಕವಿಕಾವ್ಯ ಪರಿಚಯ, ಪದ್ಯವನ್ನು ಪೂರ್ಣಗೊಳಿಸುವುದು, ಗಾದೆಯ ವಿಸ್ತರಣೆ, ಪತ್ರಲೇಖನ, ಪ್ರಬಂಧ, ಅಲಂಕಾರವನ್ನು ಗುರುತಿಸಿ ಸಮನ್ವಯಗೊಳಿಸುವುದು, ಛಂದಸ್ಸಿನ ಪ್ರಸ್ತಾರ. ಇವುಗಳಲ್ಲಿ ಯಾವುದನ್ನು ನಾಲ್ಕು ಆಯ್ಕೆಗಳ ಚೌಕಟ್ಟಿಗೆ ಇಳಿಸಬಹುದು? ಅಲಂಕಾರದ ಹೆಸರನ್ನು ಆರಿಸಿಕೊಳ್ಳೆಂದು ಕೇಳಬಹುದು. ಉಪಮೇಯವು ಉಪಮಾನದೊಡನೆ ಹೇಗೆ ಹೊಂದಿತೆಂದು ಕೇಳಲಾಗದು. ಗಾದೆಯ ಅರ್ಥವನ್ನು ಆರಿಸೆನ್ನಬಹುದು. ಅದನ್ನು ತನ್ನ ಊರಿನ ಅನುಭವದಿಂದ ಬೆಳೆಸೆನ್ನಲಾಗದು. ಪ್ರಸ್ತಾರದ ವಿಷಯವು ಇನ್ನೂ ಕೌತುಕವಾದುದು. ಭಾಮಿನೀ ಷಟ್ಪದಿಯ ಸಾಲೊಂದನ್ನು ಕೊಟ್ಟರೆ ವಿದ್ಯಾರ್ಥಿಯು ಲಘುವಿನ ನೆತ್ತಿಗೆ ಬಟ್ಟಲಿನಾಕಾರದ ಗುರುತನ್ನೂ ಗುರುವಿನ ನೆತ್ತಿಗೆ ಅಡ್ಡಗೆರೆಯನ್ನೂ ಹಾಕುತ್ತ, ಮೂರು ನಾಲ್ಕು ಮಾತ್ರೆಗಳ ಗಣಗಳನ್ನು ಬೇರ್ಪಡಿಸುತ್ತಾನೆ. ಒತ್ತಕ್ಷರದ ಹಿಂದಿನ ಹ್ರಸ್ವವು ಗುರುವಾಗುವುದೆಂಬುದನ್ನು ಅವನು ಮರೆತಿದ್ದರೆ ಎಲ್ಲಿ ಮರೆತನೆಂಬುದು ಆ ಗೆರೆಗಳಲ್ಲಿಯೇ ಕಾಣುತ್ತದೆ. ಅಧ್ಯಾಪಕನು ಅಲ್ಲಿಯೇ ತಿದ್ದುತ್ತಾನೆ. ‘ಇದು ಯಾವ ಷಟ್ಪದಿ?’ ಎಂದು ಕೇಳಿ ನಾಲ್ಕು ಹೆಸರುಗಳನ್ನು ಮುಂದಿಟ್ಟರೆ, ಬಲ್ಲವನೂ ಬಲ್ಲೆನೆಂದು ಊಹಿಸಿದವನೂ ಒಂದೇ ವೃತ್ತವನ್ನು ಒತ್ತುತ್ತಾರೆ.

ಗಣಿತವನ್ನು ಕುರಿತು ಮಕ್ಕಳೇ ಈ ಬಗೆಯ ಮಾತನ್ನಾಡುತ್ತಾರೆ. ಲೆಕ್ಕದ ಕೊನೆಯ ಸಾಲಿನಲ್ಲಿ ಕೂಡುವಾಗ ತಪ್ಪಿದರೂ ಹಿಂದಿನ ಹಂತಗಳಿಗೆ ಅಂಕಗಳು ಸಿಗುತ್ತವೆಂಬ ಭರವಸೆಯೇ ಸಾಧಾರಣ ವಿದ್ಯಾರ್ಥಿಗೆ ಧೈರ್ಯ. ಯಂತ್ರಕ್ಕೆ ಹಂತಗಳಿಲ್ಲ, ಕೊನೆಯ ಸಂಖ್ಯೆಯೊಂದೇ ಅದಕ್ಕೆ ಬೇಕಾದುದು. ಜಾಣನು ಇದರಿಂದ ನಷ್ಟಪಡುವುದು ಕಡಿಮೆ. ತೇರ್ಗಡೆಯ ಅಂಚಿನಲ್ಲಿರುವವನಿಗೆ ಆ ಎರಡು ಮೂರು ಅಂಕಗಳೇ ಜೀವ. ಕುರುಗೋಡಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಶಾಲೆ ಬಿಡುವ ಹುಡುಗನು ಸಾಮಾನ್ಯವಾಗಿ ಇಂತಹ ಎರಡು ಮೂರು ಅಂಕಗಳ ಬಳಿಯೇ ಎಡವಿರುತ್ತಾನೆ.

ಹಾಗಾದರೆ ವಿದ್ಯಾರ್ಥಿಯು ತನ್ನ ಪ್ರಬಂಧವನ್ನೂ ಯಂತ್ರದ ಮೇಲೆಯೇ ಬೆರಳಚ್ಚು ಮಾಡಲಿ ಎನ್ನಬಹುದು. ಕನ್ನಡಕ್ಕೆ ಸಾಧನಗಳ ಕೊರತೆಯಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಬಹುಕಾಲದಿಂದ ಬಳಕೆಯಲ್ಲಿದೆ; ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ಸರಕಾರಿ ಕಛೇರಿಗಳಲ್ಲೆಲ್ಲ ಪರಿಚಿತ; 1998ರಲ್ಲಿ ಬಂದ ‘ಬರಹ’ವು ಮನೆಮನೆಗಳಿಗೂ ಹೋಯಿತು; ಯುನಿಕೋಡ್ ಶಿಷ್ಟತೆಯಿಂದ ಕನ್ನಡದ ಅಕ್ಷರವು ಜಗತ್ತಿನ ಯಾವ ಯಂತ್ರದ ಮೇಲೆಯೂ ಮೂಡುತ್ತದೆ. ಕೆ.ಪಿ. ರಾವ್ ಅವರ ವಿನ್ಯಾಸದ ತಳಹದಿಯು ವ್ಯಾಕರಣವನ್ನು ಓದಿದವರಿಗೆ ಸಂತೋಷವನ್ನು ಕೊಡುವಂತಹುದು. ಅಲ್ಪಪ್ರಾಣಕ್ಕೊಂದು ಕೀಲಿ, ಅದನ್ನೇ ಶಿಫ್ಟ್ ಸಮೇತ ಒತ್ತಿದರೆ ಮಹಾಪ್ರಾಣ. ‘ಎಫ್’ ಕೀಲಿಯು ವ್ಯಂಜನಗಳನ್ನು ಬೆಸೆಯುವ ಕೊಂಡಿ. ಕೇಶಿರಾಜನು ಇಂದು ಇದ್ದಿದ್ದರೆ ಈ ವಿನ್ಯಾಸವನ್ನು ಆಕ್ಷೇಪಿಸುತ್ತಿರಲಿಲ್ಲವೆಂದು ತೋರುತ್ತದೆ.

ಆದರೆ ಹತ್ತು ವರ್ಷ ಕೈಬರೆಹವನ್ನು ರೂಢಿಸಿಕೊಂಡ ವಿದ್ಯಾರ್ಥಿಗೆ ಇಲ್ಲಿಯೇ ಕಾಲು ತೊಡರುವುದು. ‘ಧರ್ಮ’ ಎಂದು ಕೈಯಲ್ಲಿ ಬರೆಯುವಾಗ ಅವನು ಧಕಾರವನ್ನೂ ಮಕಾರವನ್ನೂ ಬರೆದು ಕೊನೆಗೆ ಅರ್ಕಾವತ್ತನ್ನು ಹಾಕುತ್ತಾನೆ. ಯಂತ್ರವು ಉಚ್ಚಾರಣೆಯ ಕ್ರಮವನ್ನು ಬೇಡುತ್ತದೆ. ಧಕಾರದ ಮೇಲೆ ರೇಫ, ಕೊಂಡಿ, ಆಮೇಲೆ ಮಕಾರ. ಯಂತ್ರದ ಕ್ರಮವೇ ಶಾಸ್ತ್ರಶುದ್ಧವಾದುದು, ಸಂದೇಹವಿಲ್ಲ. ಆದರೂ ಕೈಗೆ ಒಂದು ದಾರಿ, ಕಿವಿಗೆ ಒಂದು ದಾರಿ ಆದಾಗ, ಮೂರು ಗಂಟೆಗಳ ಪರೀಕ್ಷೆಯಲ್ಲಿ ಮನಸ್ಸು ವಿಷಯವನ್ನು ಬಿಟ್ಟು ಅಕ್ಷರವನ್ನು ಹುಡುಕತೊಡಗುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಮುಂತಾದ ಪದಗಳು ಪ್ರಬಂಧದಲ್ಲಿ ಬಾರದೆ ಇರುವುದಿಲ್ಲ. ಒತ್ತಕ್ಷರವು ಮೂಡದ ವಿದ್ಯಾರ್ಥಿಯು ಆ ಪದವನ್ನೇ ಬಿಟ್ಟು ಸುಲಭವಾದ ಬೇರೊಂದು ಪದವನ್ನು ಹಾಕುತ್ತಾನೆ. ಹೀಗೆ ಅವನ ಭಾಷೆಯು ಅವನ ಬೆರಳಿನ ಅಳತೆಗೆ ಕುಗ್ಗುತ್ತದೆ. ಆಂಗ್ಲ ಮಾಧ್ಯಮದವನಿಗೆ ಇಪ್ಪತ್ತಾರು ಅಕ್ಷರಗಳೂ ಕೀಲಿಗಳ ಮೇಲೆಯೇ ಮುದ್ರಿತವಾಗಿವೆ. ಕನ್ನಡ ಮಾಧ್ಯಮದವನು ಮುದ್ರಿತವಲ್ಲದ ಸುಮಾರು ಐವತ್ತು ಅಕ್ಷರಗಳ ಸ್ಥಾನವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಒಂದೇ ಕೋಣೆಯಲ್ಲಿ, ಒಂದೇ ಗಡಿಯಾರದ ಕೆಳಗೆ, ಇಬ್ಬರಿಗೂ ಒಂದೇ ಪರೀಕ್ಷೆಯೆಂದು ಹೇಳಲಾಗದು. ಈ ಒಂದು ಕಾರಣದಿಂದಲೇ ಕನ್ನಡ ಮಾಧ್ಯಮದ ಮಕ್ಕಳ ಅನುಮಾನವು ನ್ಯಾಯವಾದುದೆಂದು ಒಪ್ಪಬೇಕಾಗುತ್ತದೆ.

ಪ್ರಶ್ನೆಯನ್ನು ಓದುವ ವಿಷಯದಲ್ಲಿ ಮಾತ್ರ ಯಂತ್ರವು ಕನ್ನಡದ ಮಕ್ಕಳಿಗೆ ಒಂದು ಉಪಕಾರವನ್ನು ಮಾಡಿದೆ. ಜೆ.ಇ.ಇ.ಯ ತೆರೆಯ ಮೇಲೆ ಕನ್ನಡವನ್ನು ಆಯ್ದುಕೊಂಡವನು ಅದೇ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿಯೂ ನೋಡಬಹುದು. ಪಾರಿಭಾಷಿಕ ಪದವು ತಿಳಿಯದಾದಾಗ ಎರಡನ್ನೂ ಹೋಲಿಸಿಕೊಳ್ಳಬಹುದು. ಆದರೆ ಅನುವಾದದಲ್ಲಿ ಸಂದಿಗ್ಧತೆ ಬಂದರೆ ಇಂಗ್ಲಿಷಿನ ಪಾಠವೇ ಅಂತಿಮವೆಂಬ ನಿಯಮವೂ ಅಲ್ಲಿಯೇ ಇದೆ. ಕನ್ನಡವನ್ನು ಪಂಕ್ತಿಯಲ್ಲಿ ಕೂರಿಸಿ ಎಲೆಯನ್ನು ಮಾತ್ರ ಮೊದಲು ಬೇರೆಯವರಿಗೆ ಹಾಕಿದಂತಾಯಿತು.

ಕರ್ನಾಟಕದ ಮಕ್ಕಳು ಆಯ್ಕೆಯ ಪರೀಕ್ಷೆಯನ್ನು ಎಸ್.ಎಸ್.ಎಲ್.ಸಿ.ಯಲ್ಲಿ ಒಮ್ಮೆ ಅನುಭವಿಸಿಯೂ ಇದ್ದಾರೆ. 2021ರ ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳಿಗೂ 22ರಂದು ಮೂರು ಭಾಷೆಗಳಿಗೂ ಓ.ಎಂ.ಆರ್. ಹಾಳೆಯ ಮೇಲೆ ಪರೀಕ್ಷೆಯು ನಡೆಯಿತು. ವಿಷಯವೊಂದಕ್ಕೆ 40 ಪ್ರಶ್ನೆಗಳು, ಎರಡೇ ದಿನಗಳು. ವ್ಯಾಧಿಯ ಕಾಲದಲ್ಲಿ ಎಂಟು ಲಕ್ಷ ಎಪ್ಪತ್ತು ಸಾವಿರದಷ್ಟು ಮಕ್ಕಳನ್ನು ಕ್ಷೇಮವಾಗಿ ಪರೀಕ್ಷೆಗೆ ಕೂರಿಸಿ ಕಳುಹಿಸಿದುದು ಸಣ್ಣ ಕಾರ್ಯವಲ್ಲ. ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲವೆಂದು ಮೊದಲೇ ಪ್ರಕಟಿಸಿದ್ದುದರಿಂದ ಶೇಕಡಾ 99.9ಕ್ಕೂ ಹೆಚ್ಚು ಮಂದಿ ತೇರ್ಗಡೆಯಾದುದರಲ್ಲಿ ಆಶ್ಚರ್ಯವಿಲ್ಲ. ಆ ವರ್ಷದವರು ಮುಂದೆ ಪದವಿಪೂರ್ವ ತರಗತಿಗೆ ಹೋದಾಗ, ಒಂದು ಪುಟ ಬರೆಯಲು ಕೈ ನೋಯುತ್ತದೆಂದು ದೂರಿದುದನ್ನು ಅಧ್ಯಾಪಕರು ಕೇಳಿದ್ದಾರೆ. ಶಾಲೆ ಮುಚ್ಚಿದ್ದ ಪರಿಣಾಮವೆಷ್ಟು, ಬರೆಯದೆ ಉತ್ತೀರ್ಣರಾದ ಪರಿಣಾಮವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೆ ಪರೀಕ್ಷೆಯಲ್ಲಿ ಕೇಳದುದನ್ನು ತರಗತಿಯಲ್ಲಿ ಕಲಿಸುವುದು ಬಹುಬೇಗ ನಿಂತುಹೋಗುತ್ತದೆ ಎಂಬುದಕ್ಕೆ ಪುರಾವೆಯನ್ನು ಹುಡುಕಬೇಕಾಗಿಲ್ಲ.

ಪ್ರಶ್ನಪತ್ರಿಕೆಯ ಸೋರಿಕೆಯನ್ನು ಕುರಿತು ಮಾತ್ರ ಮೂರೂ ಊರಿನ ಮಕ್ಕಳದು ಏಕಾಭಿಪ್ರಾಯ. ಮುದ್ರಿಸಿ, ಕಟ್ಟಿ, ಖಜಾನೆಯಲ್ಲಿರಿಸಿ, ವಾಹನದಲ್ಲಿ ಸಾಗಿಸುವ ಪತ್ರಿಕೆಗಿಂತ ಪರೀಕ್ಷೆಯ ಗಳಿಗೆಯಲ್ಲಿ ತೆರೆಯ ಮೇಲೆ ತೆರೆದುಕೊಳ್ಳುವ ಪತ್ರಿಕೆಯು ಸುರಕ್ಷಿತವೆಂದು ಅವರು ನಂಬುತ್ತಾರೆ. 2016ರಲ್ಲಿ ದ್ವಿತೀಯ ಪದವಿಪೂರ್ವ ತರಗತಿಯ ರಸಾಯನಶಾಸ್ತ್ರದ ಪತ್ರಿಕೆಯು ಮಾರ್ಚ್ 21ರಂದು ಸೋರಿಕೆಯಾಗಿ, 31ರ ಮರುಪರೀಕ್ಷೆಯ ಪತ್ರಿಕೆಯೂ ಸೋರಿಕೆಯಾಗಿ, ಕೊನೆಗೆ ಏಪ್ರಿಲ್ 12ರಂದು ಮೂರನೆಯ ಬಾರಿ ಪರೀಕ್ಷೆಯು ನಡೆದ ಕಥೆಯನ್ನು ಅಣ್ಣಂದಿರಿಂದ ಅಕ್ಕಂದಿರಿಂದ ಕೇಳಿ ಬೆಳೆದವರು ಇವರು. ಮೂರು ಸಲ ಓದಿ ಮೂರು ಸಲ ಕೂತವರ ಸಂಕಟವು ಯಂತ್ರದ ಪರವಾಗಿ ಅತಿ ಬಲವಾದ ವಾದ. ಆದರೆ ಇಲ್ಲಿಯೂ ಒಂದು ಲೆಕ್ಕವನ್ನು ಮಾಡಬೇಕು. ಎಂಟು ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳಿಗೆ ಏಕಕಾಲದಲ್ಲಿ ಅಷ್ಟೇ ಯಂತ್ರಗಳನ್ನು ಒದಗಿಸುವುದು ಅಸಾಧ್ಯ. ಆಗ ಹಲವು ದಿನ, ಹಲವು ಪಾಳಿ, ಪಾಳಿಗೊಂದು ಪತ್ರಿಕೆ ಅನಿವಾರ್ಯ. ಪತ್ರಿಕೆಗಳ ಕಾಠಿಣ್ಯವು ಬೇರೆಬೇರೆಯಾಗುವುದರಿಂದ ಪಡೆದ ಅಂಕವನ್ನು ನೇರವಾಗಿ ಹೋಲಿಸಲಾಗದೆ, ಜೆ.ಇ.ಇ.ಯಲ್ಲಿ ಮಾಡುವಂತೆ, ಪಾಳಿಯ ಒಟ್ಟು ಅಭ್ಯರ್ಥಿಗಳಲ್ಲಿ ಎಷ್ಟು ಮಂದಿಗಿಂತ ಮುಂದಿದ್ದಾನೆಂದು ಎಣಿಸಿ ಪರ್ಸೆಂಟೈಲ್ ಎಂಬುದನ್ನು ಕೊಡಬೇಕಾಗುತ್ತದೆ. ಪ್ರವೇಶಕ್ಕೆ ಸಾಲು ಹಚ್ಚುವ ಪರೀಕ್ಷೆಗೆ ಅದು ಸರಿ. ಕಲಿತಿದ್ದಾನೆಯೇ ಇಲ್ಲವೇ ಎಂದು ತಿಳಿಯಬೇಕಾದ ಶಾಲಾಂತ್ಯ ಪರೀಕ್ಷೆಗೆ ಅದು ಹೊಂದುವುದಿಲ್ಲ. ‘ನನಗೆ ಬಂದ ಅಂಕವೆಷ್ಟು?’ ಎಂಬ ಮಗನ ಪ್ರಶ್ನೆಗೆ ತಂದೆಯು ಉತ್ತರ ಹೇಳಲಾರದಂತಹ ಅಂಕಪಟ್ಟಿಯನ್ನು ಯಾವ ಊರಿನವರೂ ಒಪ್ಪಲಾರರು.

ಗಣಕಯಂತ್ರವೆಂದರೆ ಆಯ್ಕೆಯ ಪ್ರಶ್ನೆಗಳೇ ಎಂದು ಭಾವಿಸುವುದೂ ಸರಿಯಲ್ಲ. ಫಿನ್‌ಲೆಂಡ್ ದೇಶವು ತನ್ನ ಶಾಲಾಂತ್ಯದ ಮೆಟ್ರಿಕ್ಯುಲೇಶನ್ ಪರೀಕ್ಷೆಯನ್ನು 2016ರ ಶರತ್ಕಾಲದಲ್ಲಿ ಕೆಲವೇ ವಿಷಯಗಳಿಂದ ಆರಂಭಿಸಿ, 2019ರ ವಸಂತದ ವೇಳೆಗೆ ಗಣಿತವೂ ಸೇರಿ ಎಲ್ಲವನ್ನೂ ಯಂತ್ರಕ್ಕೆ ಒಯ್ದಿತು. ಅಲ್ಲಿಯ ವಿದ್ಯಾರ್ಥಿಗಳು ಸ್ವಂತ ಲ್ಯಾಪ್‌ಟಾಪುಗಳನ್ನು ತಂದು, ಹೊರಗಿನ ಅಂತರಜಾಲವಿಲ್ಲದೆ ಶಾಲೆಯೊಳಗಿನ ಜಾಲದಲ್ಲಿ ದೀರ್ಘ ಪ್ರಬಂಧಗಳನ್ನೇ ಬರೆಯುತ್ತಾರೆ. ಅವನ್ನು ಅಧ್ಯಾಪಕರೇ ಓದಿ ಅಂಕಗಳನ್ನು ಕೊಡುತ್ತಾರೆ. ಗಮನಿಸಬೇಕಾದುದು ಅಲ್ಲಿಯ ಸಂಪತ್ತನ್ನಲ್ಲ, ವಿಷಯವಿಷಯಕ್ಕೆ ಸಾವಕಾಶವನ್ನು ಕೊಟ್ಟ ಕ್ರಮವನ್ನು. ಇಲ್ಲಿಯೇ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಧ್ಯಮಮಾರ್ಗವೊಂದು ರೂಢಿಯಲ್ಲಿದೆ: ವಿದ್ಯಾರ್ಥಿಯು ಕೈಯಲ್ಲಿ ಬರೆದ ಉತ್ತರಪತ್ರಿಕೆಯ ಛಾಯೆಯನ್ನು ತೆಗೆದು ಮೌಲ್ಯಮಾಪಕರು ತೆರೆಯ ಮೇಲೆ ತಿದ್ದುತ್ತಾರೆ. ಕೂಡುವ ತಪ್ಪು, ತಿದ್ದದೆ ಬಿಟ್ಟ ಪುಟ ಇವೆರಡೂ ಇದರಿಂದ ತಪ್ಪುತ್ತವೆ, ಬರೆಹವೂ ಉಳಿಯುತ್ತದೆ. ಪ್ರೌಢಶಾಲೆಗೆ ಯಂತ್ರವು ಬರುವುದಾದರೆ ಈ ಬಾಗಿಲಿನಿಂದ ಬರುವುದೇ ಲೇಸು.

ಒಂದು ವರ್ಗದ ಮಕ್ಕಳಿಗೆ ಮಾತ್ರ ಯಂತ್ರವು ನಾಳೆಯೇ ಬೇಕಾಗಿದೆ. ದೃಷ್ಟಿಹೀನ ವಿದ್ಯಾರ್ಥಿಯು ಇಂದು ತನಗಿಂತ ಕೆಳಗಿನ ತರಗತಿಯ ಲಿಪಿಕಾರನೊಬ್ಬನ ನೆರವಿನಿಂದ ಪರೀಕ್ಷೆಯನ್ನು ಬರೆಯುತ್ತಾನೆ. ತಾನು ಹೇಳಿದ ಹಳಗನ್ನಡ ಪದವನ್ನು ಅವನು ಸರಿಯಾಗಿ ಕೇಳಿಸಿಕೊಂಡನೇ, ಮಹಾಪ್ರಾಣವನ್ನು ಬರೆದನೇ ಎಂದು ನೋಡುವ ದಾರಿ ಇವನಿಗಿಲ್ಲ. ತೆರೆಯನ್ನು ಓದಿ ಹೇಳುವ ತಂತ್ರಾಂಶಗಳು ಕನ್ನಡವನ್ನೂ ಉಚ್ಚರಿಸುತ್ತವೆ. ಉಚ್ಚಾರಣೆಯು ಒರಟಾಗಿದೆ, ಆದರೂ ತಾನು ಬರೆದುದನ್ನು ತಾನೇ ಮತ್ತೆ ಕೇಳಿ ತಿದ್ದಿಕೊಳ್ಳುವ ಸ್ವಾತಂತ್ರ್ಯವು ಅವನಿಗೆ ದೊರೆಯುತ್ತದೆ. ಎಲ್ಲರಿಗೂ ಯಂತ್ರವು ಬರಲಿ, ಆಮೇಲೆ ಇವರಿಗೂ ಬರುತ್ತದೆಂದು ಕಾಯಿಸುವುದು ಸಲ್ಲದು.

ಶಾಲೆಗಳು ಈಗಲೇ ಮಾಡಬಹುದಾದುದು ಸ್ವಲ್ಪವಿದೆ. 2001ರಲ್ಲಿ ‘ಮಾಹಿತಿ ಸಿಂಧು’ ಯೋಜನೆಯಿಂದ ರಾಜ್ಯದ ಸಾವಿರ ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಯಂತ್ರವು ಬಂದರೂ ಅದನ್ನು ಕಲಿಸುವವನು ಉಳಿಯದಿದ್ದರೆ ಕೋಣೆಗೆ ಬೀಗವು ಬೀಳುತ್ತದೆಂಬುದು ಎಲ್ಲೆಡೆಯ ಅನುಭವ. ಎಂಟನೆಯ ತರಗತಿಯಿಂದ ವಾರಕ್ಕೆ ಎರಡು ಅವಧಿ ಕನ್ನಡ ಬೆರಳಚ್ಚನ್ನು ಕನ್ನಡದ ಅಧ್ಯಾಪಕರೇ ಕಲಿಸಬಹುದು. ವರ್ಣಮಾಲೆ, ಅಲ್ಪಪ್ರಾಣ ಮಹಾಪ್ರಾಣ, ಸಂಯುಕ್ತಾಕ್ಷರಗಳ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆಯಿಲ್ಲ. ಶಾಲೆಗೆ ಗಣಕಯಂತ್ರಗಳನ್ನು ದಾನವಾಗಿ ಕೊಡಬಯಸುವ ಮಹನೀಯರು ಯಂತ್ರಗಳ ಸಂಖ್ಯೆಯಲ್ಲಿ ಒಂದೆರಡನ್ನು ಕಡಿಮೆ ಮಾಡಿಯಾದರೂ ವಿದ್ಯುತ್ತು ಹೋದಾಗ ಆಧಾರವಾಗುವ ಬ್ಯಾಟರಿಗಳನ್ನೂ, ಕನ್ನಡದ ಅಕ್ಷರಗಳು ಮುದ್ರಿತವಾದ ಕೀಲಿಮಣೆಗಳನ್ನೂ ಕೊಟ್ಟರೆ ಹೆಚ್ಚಿನ ಉಪಯೋಗವಾದೀತು. ಅಂತಹ ಕೀಲಿಮಣೆಗಳು ಸಿಗದಿದ್ದರೆ ಕೀಲಿಗಳ ಮೇಲೆ ಅಂಟಿಸುವ ಅಕ್ಷರಚೀಟಿಗಳು ದೊರೆಯುತ್ತವೆ. ಅವುಗಳ ಬೆಲೆಯು ಬಹಳವಿಲ್ಲ.